ಕಿಲ್ಪೆಕ್ ಚರ್ಚು ಮತ್ತು ಲೂಯಿಸನ ಪೆನ್ಸಿಲು

ಬೇಲೂರಿನ ದೇವಸ್ಥಾನ ಯಾವಾಗಿನದೆಂದು ಕೇಳಿದರೆ 1117 ಎಂದು ಶಾಸನ ಹೇಳುತ್ತದೆ. ಕಡೆದವರಾರು ಎಂದರೆ ಬಳ್ಳಿಗಾವಿಯ ದಾಸೋಜನಂಥವರು ಕಲ್ಲಿನ ಮೇಲೇ ಹೆಸರು ಕೊರೆದಿಟ್ಟಿದ್ದಾರೆ. ಈ ಸೌಕರ್ಯಕ್ಕೆ ಒಗ್ಗಿಹೋದ ನನ್ನಂಥವರನ್ನು ಇಂಗ್ಲೆಂಡಿನ ಹೆರೆಫರ್ಡ್‌ಶೈರಿನ ಕಿಲ್ಪೆಕ್ ಎಂಬ ಹಳ್ಳಿಯ ಚರ್ಚು ಚೆನ್ನಾಗಿಯೇ ಸತಾಯಿಸುತ್ತದೆ. ಅದೂ ಹನ್ನೆರಡನೆಯ ಶತಮಾನದ್ದೇ. ಕೆಂಪು ಮರಳುಗಲ್ಲಿನ ಚಿಕ್ಕ ಕಟ್ಟಡ. ದಕ್ಷಿಣದ ಬಾಗಿಲ ತುಂಬ ಸರ್ಪ, ಬಳ್ಳಿ, ಕೊಕ್ಕಿನ ತಲೆಗಳು. ಸೂರಿನ ಕೆಳಗೆ ಸುತ್ತಲೂ ಕೆತ್ತನೆಯ ಚಾಚುಗಲ್ಲುಗಳು. ಯಾವ ಕೈಪಿಡಿ ತೆರೆದರೂ ‘ಸುಮಾರು 1140’ ಎಂದಿರುತ್ತದೆ. ಆ ‘ಸುಮಾರು’ ಎಲ್ಲಿಂದ ಬಂತು ಎಂಬುದು ನನ್ನ ಹುಡುಕಾಟ.

1086ರ ಡೂಮ್ಸ್‌ಡೇ ಪುಸ್ತಕದಲ್ಲಿ ಊರಿನ ಹೆಸರಿದೆ. ನಾರ್ಮನನ ಮಗ ವಿಲಿಯಂ ಒಡೆಯ. ಇಲ್ಲಿನವರು ಕಂದಾಯವಾಗಿ ಹಣದ ಜೊತೆ ಜೇನುತುಪ್ಪವನ್ನೂ ಅಳೆದುಕೊಡಬೇಕಿತ್ತು. ವೇಲ್ಸ್ ಗಡಿಯ ಸೀಮೆಯಲ್ಲವೇ, ಹಳೆಯ ಪದ್ಧತಿ ಉಳಿದಿತ್ತು. ಓದಲು ರುಚಿಯಾಗಿದೆ, ಆದರೆ ನಮ್ಮ ಕಟ್ಟಡಕ್ಕೆ ಅರ್ಧ ಶತಮಾನ ಹಿಂದಿನ ಮಾತು.

ಮುಂದಿನ ದಾಖಲೆ ಗ್ಲಾಸ್ಟರಿನ ಸೇಂಟ್ ಪೀಟರ್ ಮಠದ್ದು. ಅದರ ದಾನಪತ್ರಗಳ ಸಂಗ್ರಹ ಹತ್ತೊಂಬತ್ತನೆಯ ಶತಮಾನದಲ್ಲಿ ಅಚ್ಚಾಯಿತು. ಆ ವಿಲಿಯಂನ ಮಗ ಹ್ಯೂ 1134ರಲ್ಲಿ ಕಿಲ್ಪೆಕ್‌ನ ಸಂತ ಡೇವಿಡ್ ಚರ್ಚನ್ನೂ ಕೋಟೆಯೊಳಗಿನ ಸಂತ ಮೇರಿಯ ಪ್ರಾರ್ಥನಾ ಮಂದಿರವನ್ನೂ ಮಠಕ್ಕೆ ಬಿಟ್ಟುಕೊಟ್ಟನೆಂದು ಅದರಲ್ಲಿದೆ. ವರ್ಷ ಸಿಕ್ಕಿತೆಂದು ಇಲ್ಲಿಗೇ ಪುಸ್ತಕ ಮುಚ್ಚಿದವರುಂಟು. ಆದರೆ ದಾನ ಕೊಡುವವನು ಹಕ್ಕನ್ನೂ ಉತ್ಪತ್ತಿಯನ್ನೂ ಬರೆದುಕೊಡುತ್ತಾನೆ, ಗೋಡೆಯ ವರ್ಣನೆ ಬರೆಯುವುದಿಲ್ಲ. ಇನಾಮು ಕೊಟ್ಟ ಚರ್ಚು ಈಗ ನಿಂತಿರುವುದೋ, ಅದೇ ಜಾಗದ ಹಿಂದಿನದೋ ಎಂಬುದಕ್ಕೆ ಆ ಸಾಲಿನಲ್ಲಿ ಉತ್ತರವಿಲ್ಲ.

ಹಾಗಾದರೆ 1140? ಈ ಅಂಕಿಯ ಬೇರು ಕಿಲ್ಪೆಕ್‌ನಲ್ಲಿಲ್ಲ, ಅದೇ ಜಿಲ್ಲೆಯ ಉತ್ತರಕ್ಕಿರುವ ಷಾಬ್ಡನ್‌ನಲ್ಲಿದೆ. ವಿಗ್‌ಮೋರ್ ಮಠದವರು ಫ್ರೆಂಚಿನಲ್ಲಿ ಬರೆದಿಟ್ಟ ಚರಿತ್ರೆಯೊಂದಿದೆ. ಹ್ಯೂ ಮಾರ್ಟಿಮರನ ಪಾರುಪತ್ಯಗಾರ ಆಲಿವರ್ ದ ಮರ್ಲಿಮಾಂಡ್ ಷಾಬ್ಡನ್‌ನಲ್ಲಿ ಚರ್ಚು ಕಟ್ಟಿಸಿದ. ಸ್ಪೇನಿನ ಸಾಂತಿಯಾಗೋಗೆ ಯಾತ್ರೆ ಹೋದ. ಬರುವಾಗ ಪ್ಯಾರಿಸ್ಸಿನ ಸೇಂಟ್ ವಿಕ್ಟರ್ ಮಠದಲ್ಲಿ ತಂಗಿದ. ಕಡೆಗೆ ಹೆರೆಫರ್ಡಿನ ಬಿಷಪ್ ರಾಬರ್ಟ್ ಡಿ ಬೆಥ್ಯೂನ್ ಚರ್ಚನ್ನು ಪ್ರತಿಷ್ಠೆ ಮಾಡಿದ. ರಾಬರ್ಟ್ ಬಿಷಪ್ ಆಗಿದ್ದುದು 1131ರಿಂದ 1148ರವರೆಗೆ. ಷಾಬ್ಡನ್‌ನ ಕಾಲ ಹೀಗೆ ಹಿಡಿತಕ್ಕೆ ಬರುತ್ತದೆ. ಎರಡೂ ಕಡೆ ಒಂದೇ ತಂಡದ ಕೈ ಕಾಣುವುದರಿಂದ ಕಿಲ್ಪೆಕ್ ಕೂಡ ಅದೇ ಸುಮಾರಿನದು. ಕಲಾ ಇತಿಹಾಸಕಾರ ಜಾರ್ಜ್ ಜಾರ್ನೆಕಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು: ಆಲಿವರ್ ಯಾತ್ರೆಗೆ ಶಿಲ್ಪಿಯನ್ನೂ ಕರೆದೊಯ್ದಿರಬೇಕು, ಇಲ್ಲದಿದ್ದರೆ ಕಿಲ್ಪೆಕ್‌ನ ಒಳಕಮಾನಿನಲ್ಲಿ ಸಂತರು ಒಬ್ಬರ ಮೇಲೊಬ್ಬರು ನಿಂತಿರುವ ಆ ಸಾಂತಿಯಾಗೋ ರೀತಿ ಎಲ್ಲಿಂದ ಬಂತು ಎಂದು. ಚರಿತ್ರೆ ಬರೆದ ಮಠದವರು ಶಿಲ್ಪಿಯ ಸುದ್ದಿಯನ್ನೇ ಎತ್ತಿಲ್ಲ. ಊಹೆ ಸೊಗಸಾದುದು, ಆದರೂ ಊಹೆಯೇ.

ಈಗ ತೊಡಕು. ಹೋಲಿಸಿ ನೋಡೋಣವೆಂದರೆ ಷಾಬ್ಡನ್ ಚರ್ಚೇ ಇಲ್ಲ. 1750ರ ದಶಕದಲ್ಲಿ ಬೇಟ್‌ಮನ್ ಮನೆತನದವರು ಅದನ್ನು ಕೆಡವಿ ಹೊಸ ಅಭಿರುಚಿಯ ಗಾಥಿಕ್ ಚರ್ಚು ಕಟ್ಟಿಸಿದರು. ಹಳೆಯ ಕಮಾನುಗಳನ್ನು ಎಸೆಯಲು ಮನಸ್ಸಾಗದೆ ಗುಡ್ಡದ ಮೇಲೆ ಅಲಂಕಾರಕ್ಕೆ ನಿಲ್ಲಿಸಿದರು. ಎಸೆದು ಮಣ್ಣಲ್ಲಿ ಹೂತಿದ್ದರೇ ಕೆತ್ತನೆ ಉಳಿಯುತ್ತಿತ್ತೇನೋ! ಮಳೆ ಗಾಳಿಗೆ ಮೈಯೊಡ್ಡಿದ ಮರಳುಗಲ್ಲು ಸವೆದು ಸವೆದು ಆಕೃತಿಗಳು ಮಸುಕಾಗಿವೆ. ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್‌ಗಾಗಿ ತೆಗೆದಿದ್ದ ಪ್ಲಾಸ್ಟರ್ ಅಚ್ಚುಗಳೂ 1936ರ ಬೆಂಕಿಯಲ್ಲಿ ಹೋದವು. ಕೈಗೆ ಉಳಿಯುವುದು ಜಾರ್ಜ್ ರಾಬರ್ಟ್ ಲೂಯಿಸ್ ಎಂಬ ಚಿತ್ರಕಾರ 1852ರಲ್ಲಿ ಪ್ರಕಟಿಸಿದ ಷಾಬ್ಡನ್ ಪುಸ್ತಕ.

ಲೂಯಿಸನನ್ನು ಎಷ್ಟು ನಂಬಬಹುದು? ನನ್ನ ಮಟ್ಟಿಗೆ ಇಡೀ ಹುಡುಕಾಟದ ಗಂಟು ಇರುವುದು ಇಲ್ಲಿ. ಬಿಡಿಸುವ ದಾರಿಯನ್ನು ಅವನೇ ಬಿಟ್ಟುಹೋಗಿದ್ದಾನೆ: ಹತ್ತು ವರ್ಷ ಮೊದಲು, 1842ರಲ್ಲಿ, ಕಿಲ್ಪೆಕ್ ಚರ್ಚನ್ನೂ ಚಿತ್ರಿಸಿ ಪುಸ್ತಕ ಮಾಡಿದ್ದ. ಕಿಲ್ಪೆಕ್‌ನ ಕಲ್ಲು ಇನ್ನೂ ಗಟ್ಟಿಯಾಗಿದೆ. ಅಲ್ಲಿ ಅವನನ್ನು ಪರೀಕ್ಷೆಗೆ ಹಚ್ಚಬಹುದು.

ಸೂರಿನ ಚಾಚುಗಲ್ಲುಗಳ ಸಾಲಿನಲ್ಲಿ ನಾಯಿ–ಮೊಲದ ಜೋಡಿಯೂ ವಾದ್ಯ ನುಡಿಸುವವನೂ ಇರುವಂತೆಯೇ ತನ್ನ ಗುಹ್ಯಾಂಗವನ್ನು ಎರಡೂ ಕೈಯಿಂದ ಅಗಲಿಸಿ ತೋರುವ ಹೆಂಗಸಿನ ಶಿಲ್ಪವೂ ಇದೆ. ಇಂಥವನ್ನು ಅಲ್ಲಿ ಶೀಲಾ-ನ-ಗಿಗ್ ಎನ್ನುತ್ತಾರೆ. ಬೇಡವೆಂದರೂ ಕಣ್ಣಿಗೆ ಬೀಳುವಂಥದು. ಲೂಯಿಸ್ ಇದನ್ನು ಎದೆ ಸೀಳಿ ಹೃದಯ ತೋರುವ ಒಬ್ಬ ಮೂಢ ಎಂದು ಬರೆದ, ಹಾಗೆಯೇ ಚಿತ್ರಿಸಿದ. ಪ್ರತಿಯೊಂದು ಕೆತ್ತನೆಯಲ್ಲೂ ಕ್ರೈಸ್ತ ನೀತಿ ಇರಲೇಬೇಕೆಂಬ ಹಟ ಅವನದು. ಇವನನ್ನು ಸಾಕ್ಷಿಕಟ್ಟೆಯಿಂದ ಇಳಿಸಿಬಿಡೋಣ ಎನಿಸುವುದು ಸಹಜ.

ಆದರೆ ಅದೇ ಪುಸ್ತಕದಲ್ಲಿ ಅವನು ದಾಖಲಿಸಿದ್ದಕ್ಕಿಂತ ಇವತ್ತು ಆರು ಚಾಚುಗಲ್ಲು ಕಡಿಮೆ, ಉಳಿದಿರುವುದು 85. ಅಷ್ಟು ಕಳೆದಿವೆ ಎಂದು ಹೇಳಲು ಸಾಧ್ಯವಾದದ್ದು ಈ ಮಡಿವಂತನ ಎಣಿಕೆಯಿಂದಲೇ. ಅಶ್ಲೀಲವಾದವನ್ನು ವಿಕ್ಟೋರಿಯಾ ಕಾಲದ ಒಬ್ಬ ದೊಡ್ಡ ಮನುಷ್ಯಳು ಒಡೆಸಿದಳು ಎಂಬ ಕಥೆ ಪ್ರಚಾರದಲ್ಲಿದೆ. ಅವಳು ಶೀಲಾಳನ್ನು ಬಿಟ್ಟಿದ್ದೇಕೋ! 1848ರಲ್ಲಿ ದೊಡ್ಡ ರಿಪೇರಿಯೂ ನಡೆದಿದೆ. ದೋಷ ಹೊರಿಸುವ ಮುಂಚೆ ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಷಾಬ್ಡನ್ ಪುಸ್ತಕವನ್ನು ನಾನೀಗ ಓದುವುದು ಈ ಎಚ್ಚರದಲ್ಲಿ. ಬಾಗಿಲ ಮೇಲಿನ ಅರ್ಧಚಂದ್ರದ ಫಲಕಗಳಲ್ಲಿ ಒಂದು ಸಿಂಹಾಸನದ ಕ್ರಿಸ್ತ, ಇನ್ನೊಂದು ಕ್ರಿಸ್ತ ನರಕಕ್ಕೆ ಇಳಿದು ಬಂಧಿತರನ್ನು ಬಿಡಿಸುವ ಕಥೆ. ಏನು, ಎಲ್ಲಿ, ಎಷ್ಟು ಎಂಬುದಕ್ಕೆ ಲೂಯಿಸ್ ಆಗಬಹುದು. ಹೆಣೆದ ಬಳ್ಳಿಗೂ ಸರಿ, ಅಲ್ಲಿ ಅವನಿಗೆ ನಾಚಲು ಕಾರಣವಿರಲಿಲ್ಲ. ಮುಖಭಾವ, ಮೈಕಟ್ಟು ಅವನವು. ಆ ಮುಖಗಳನ್ನು ಕಿಲ್ಪೆಕ್‌ನ ಮುಖಗಳ ಪಕ್ಕ ಇಟ್ಟು ‘ಇದು ಒಂದೇ ಶಿಲ್ಪಿಯ ಕೈ’ ಎನ್ನುವ ವಾದ ಎದುರಾದಾಗಲೆಲ್ಲ ನಾನು ಮೊದಲು ಕೇಳುವುದು, ಹೋಲಿಸಿದ್ದು ಗುಡ್ಡದ ಮೇಲಿನ ಸವೆದ ಕಲ್ಲನ್ನೋ, 1852ರ ಮುದ್ರಿತ ಚಿತ್ರವನ್ನೋ ಎಂದು.