ಅಲೆಕ್ಸಾ ಸ್ಪೀಕರಿನ ಬಣ್ಣದ ಲೈಟುಗಳು: ಯಾವ ಬಣ್ಣಕ್ಕೆ ಏನರ್ಥ?

ಗಲ್ಫಿನಿಂದ ಊರಿಗೆ ರಜೆಗೆ ಹೋಗುವವರ ಲಗೇಜಿನಲ್ಲಿ ಟ್ಯಾಂಗ್, ನಿಡೋ ಡಬ್ಬಗಳ ಜೊತೆ ಈಗ ಒಂದು ಸ್ಮಾರ್ಟ್ ಸ್ಪೀಕರ್ ಕೂಡ ಇರುವುದು ಸಾಮಾನ್ಯ. ಮಕ್ಕಳಿಗೆ ಹಾಡು, ಅಪ್ಪನಿಗೆ ಸುದ್ದಿ, ಅಮ್ಮನಿಗೆ ಮಾತ್ರೆಯ ಅಲಾರಂ. ನಾವು ಹತ್ತು ನಿಮಿಷದಲ್ಲಿ ಸೆಟಪ್ ಮಾಡಿಕೊಟ್ಟು ವಾಪಸ್ ವಿಮಾನ ಹತ್ತುತ್ತೇವೆ. ಆಮೇಲೆ ಅದರ ಲೈಟು ಬಣ್ಣ ಬದಲಾಯಿಸಿದರೆ ಮನೆಯಲ್ಲಿ ಕೇಳಲು ಯಾರೂ ಇರುವುದಿಲ್ಲ.

ನಮ್ಮ ಮನೆಯಲ್ಲೇ ಆದದ್ದು ಹೇಳುತ್ತೇನೆ. ಕಳೆದ ಸಲ ಹೋದಾಗ ಅಮ್ಮನಿಗೆ ಒಂದು ಎಕೋ ಡಾಟ್ ಇಟ್ಟು ಬಂದಿದ್ದೆ. ಬೆಳಿಗ್ಗೆ 8ಕ್ಕೆ ಬಿಪಿ ಮಾತ್ರೆಯ ಅಲಾರಂ. ಅದು ಹೊಡೆದುಕೊಂಡಾಗ ಅಮ್ಮ "ಅಲೆಕ್ಸಾ ಸ್ಟಾಪ್" ಅನ್ನುವುದು, ಮಾತ್ರೆ ನುಂಗುವುದು. ಎರಡು ತಿಂಗಳು ಚೆನ್ನಾಗಿಯೇ ನಡೆಯಿತು. ಒಂದು ಭಾನುವಾರ ಫೋನ್ ಮಾಡಿದರೆ, "ಅದು ಕೆಂಪಾಗಿ ಕೂತಿತ್ತು ಮಗಾ, ನನ್ನ ಮಾತು ಕೇಳುದೇ ಇಲ್ಲ, ಬೊಬ್ಬೆ ಹೊಡೀತಾ ಇತ್ತು, ಪ್ಲಗ್ ತೆಗೆದಿಟ್ಟೆ" ಅಂದರು. ಎಷ್ಟು ದಿನ ಆಯ್ತು ಅಂದರೆ ನಾಲ್ಕು ದಿನ. ಮಾತ್ರೆ? ಎರಡು ದಿನ ಮರೆತೇ ಹೋಗಿತ್ತಂತೆ. ಸ್ಪೀಕರಿಗೆ ಏನೂ ಆಗಿರಲಿಲ್ಲ. ಧೂಳು ಒರೆಸುವಾಗ ಮೈಕ್ ಬಟನ್ ಒತ್ತಿಹೋಗಿತ್ತು, ಅಷ್ಟೇ.

ಆದ್ದರಿಂದ ಕೆಂಪಿನಿಂದಲೇ ಶುರು ಮಾಡೋಣ. ಟಿವಿ, ಇನ್ವರ್ಟರ್, ಕಾರು ಎಲ್ಲದರಲ್ಲೂ ಕೆಂಪು ಅಂದರೆ ಅಪಾಯ ಅಥವಾ ಕೆಟ್ಟುಹೋಗಿದೆ ಅಂತ ನಮ್ಮ ತಲೆಯಲ್ಲಿದೆ. ಎಕೋದಲ್ಲಿ ಹಾಗಲ್ಲ. ಬಿಡದೆ ಉರಿಯುವ ಕೆಂಪು ಅಂದರೆ ಮೈಕ್ ಬಂದ್, ಅಂದರೆ ಅದಕ್ಕೆ ಕಿವಿ ಕೇಳುವುದಿಲ್ಲ, ಬಾಯಿ ಮಾತ್ರ ಇದೆ. ಮೊದಲೇ ಇಟ್ಟ ಅಲಾರಂ ಸರಿಯಾದ ಹೊತ್ತಿಗೆ ಹೊಡೆದುಕೊಳ್ಳುತ್ತದೆ, ಆದರೆ "ಸ್ಟಾಪ್" ಅಂದರೆ ನಿಲ್ಲುವುದಿಲ್ಲ. ಡಾಟ್‌ನ ಮೇಲೆ ನಾಲ್ಕು ಬಟನ್ ಇರುತ್ತದೆ: ಪ್ಲಸ್, ಮೈನಸ್, ಒಂದು ಚುಕ್ಕಿಯದ್ದು, ಇನ್ನೊಂದು ಅಡ್ಡಗೆರೆ ಹಾಕಿದ ಮೈಕಿನದ್ದು. ಮೈಕಿನ ಬಟನ್ ಒಮ್ಮೆ ಒತ್ತಿದರೆ ಕೆಂಪು ಹೋಗಿ ಮಾತು ಕೇಳಲು ಶುರು ಮಾಡುತ್ತದೆ. ಅಲಾರಂ ನಿಲ್ಲಿಸಲು ಚುಕ್ಕಿಯ ಬಟನ್ ಒಮ್ಮೆ ಒತ್ತಿದರೆ ಸಾಕು. ಇವೆರಡನ್ನು ವಯಸ್ಸಾದವರಿಗೆ ಮುಟ್ಟಿಸಿ ತೋರಿಸಿ ಬನ್ನಿ, ಬಾಯಲ್ಲಿ ಹೇಳಿದರೆ ಉಳಿಯುವುದಿಲ್ಲ. ನಾನು ಈಗ ಚುಕ್ಕಿಯ ಬಟನ್ ಮೇಲೆ ಒಂದು ಸಣ್ಣ ಬಿಂದಿ ಅಂಟಿಸಲು ಹೇಳಿದ್ದೇನೆ. ಕತ್ತಲಲ್ಲೂ ಕೈಗೆ ಸಿಗುತ್ತದೆ.

ಸ್ಕ್ರೀನ್ ಇರುವ ಎಕೋ ಶೋದಲ್ಲಿ ಕೆಂಪು ಗೆರೆ ಪರದೆಯ ಕೆಳಗೆ ಬರುತ್ತದೆ. ಅಲ್ಲಿ ಆ ಬಟನ್ ಒತ್ತಿದರೆ ಮೈಕ್ ಜೊತೆಗೆ ಕ್ಯಾಮೆರಾ ಕೂಡ ಬಂದ್.

ನೀಲಿ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. "ಅಲೆಕ್ಸಾ" ಅಂದ ಕೂಡಲೇ ನೀಲಿ ಬಂದು, ಮಾತನಾಡಿದವರ ಕಡೆಗೆ ತಿಳಿನೀಲಿ ತಿರುಗಿದರೆ ಕೇಳಿಸಿಕೊಳ್ಳುತ್ತಿದೆ ಎಂದರ್ಥ. ಪ್ಲಗ್ ಹಾಕಿದಾಗ ನೀಲಿಯಲ್ಲಿ ತಿಳಿನೀಲಿ ಸುತ್ತುತ್ತಿದ್ದರೆ ಅದು ಆನ್ ಆಗುತ್ತಿದೆ. ಬಿಳಿ ಬಂದರೆ ವಾಲ್ಯೂಮ್ ಏರಿಳಿತ. ಯಾವ ಲೈಟೂ ಇಲ್ಲದಿದ್ದರೆ ಆಫ್ ಆಗಿದೆ ಅಂತ ಅಂದುಕೊಳ್ಳಬೇಡಿ, ಸುಮ್ಮನೆ ಕೂತಿದೆ, ತನ್ನ ಹೆಸರು ಕರೆಯುವುದನ್ನು ಕಾಯುತ್ತಿದೆ.

ಹಳದಿ ಮೆಲ್ಲಗೆ ಮಿಣುಕುತ್ತಿದ್ದರೆ ಮೆಸೇಜೋ ನೋಟಿಫಿಕೇಶನ್ನೋ ಬಂದು ಕೂತಿದೆ. "ಅಲೆಕ್ಸಾ, ರೀಡ್ ಮೈ ನೋಟಿಫಿಕೇಶನ್ಸ್" ಅಂದರೆ ಓದಿ ಹೇಳಿ ಲೈಟು ಆರಿಸುತ್ತದೆ. ಅಲೆಕ್ಸಾಗೆ ಕನ್ನಡ ಬರುವುದಿಲ್ಲ, ಈ ವಾಕ್ಯವನ್ನು ಇಂಗ್ಲಿಷಿನಲ್ಲೇ ಕಲಿಸಬೇಕು, ಅಥವಾ ಭಾಷೆಯನ್ನು ಹಿಂದಿಗೆ ಇಡಬೇಕು. ಮನೆಯವರು ಮಗನ ಮೆಸೇಜ್ ಬಂದಿದೆ ಅಂತ ಖುಷಿಯಿಂದ ಕೇಳಿದರೆ "ನಿಮ್ಮ ಪಾರ್ಸೆಲ್ ಬಂದಿದೆ" ಅನ್ನುವುದೇ ಜಾಸ್ತಿ. ನಿಮ್ಮ ಅಮೆಜಾನ್ ಅಕೌಂಟಿನಲ್ಲೇ ಸೆಟಪ್ ಮಾಡಿದ್ದರೆ ನೀವು ಇಲ್ಲಿ ತರಿಸಿದ ಶೂ ಸುದ್ದಿ ಅಲ್ಲಿ ಹಳದಿಯಾಗಿ ಮಿಣುಕಬಹುದು. ಅಲೆಕ್ಸಾ ಆ್ಯಪಿನ ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಶನ್ಸ್ ಒಳಗೆ ಅಮೆಜಾನ್ ಶಾಪಿಂಗ್ ಎಂಬುದನ್ನು ಬಂದ್ ಮಾಡಿ. ಆಗ ಹಳದಿ ಬಂದರೆ ನಿಜವಾಗಿ ನೋಡಬೇಕಾದದ್ದು ಏನೋ ಇದೆ ಅಂತ ಗೊತ್ತಾಗುತ್ತದೆ.

ಆರೆಂಜ್ ಸುತ್ತುತ್ತಿದ್ದರೆ ಇಂಟರ್ನೆಟ್ ಹುಡುಕುತ್ತಿದೆ ಅಥವಾ ಸೆಟಪ್ ಮೋಡಿನಲ್ಲಿದೆ. ಊರಲ್ಲಿ ಕರೆಂಟ್ ಹೋಗಿ ಬಂದಾಗ ರೂಟರಿಗಿಂತ ಸ್ಪೀಕರ್ ಮೊದಲು ಎದ್ದು ಕೂರುತ್ತದೆ, ಆಗ ಸ್ವಲ್ಪ ಹೊತ್ತು ಆರೆಂಜ್ ಬರಬಹುದು. ಐದು ನಿಮಿಷ ಕಾಯಿರಿ, ಹೋಗದಿದ್ದರೆ ಪ್ಲಗ್ ತೆಗೆದು ಮತ್ತೆ ಹಾಕಿ. ಇಲ್ಲಿ ರೂಮಿನಲ್ಲಿ ಬರುವ ಆರೆಂಜಿಗೆ ಕಾರಣ ಬೇರೆ: ವೈಫೈ ಯಾರ ಹೆಸರಿನಲ್ಲಿದೆಯೋ ಅವರು ಬಿಲ್ ಜಗಳದಲ್ಲಿ ಪಾಸ್‌ವರ್ಡ್ ಬದಲಾಯಿಸಿರುತ್ತಾರೆ! ಹೊಸ ಪಾಸ್‌ವರ್ಡನ್ನು ಆ್ಯಪಿನಲ್ಲಿ ಹಾಕಬೇಕು. ಸೆಟಪ್ ಮೋಡಿಗೆ ತರಲು ಚುಕ್ಕಿಯ ಬಟನ್ ಒತ್ತಿ ಹಿಡಿಯಿರಿ, ಆರೆಂಜ್ ಬಂದ ಕೂಡಲೇ ಬೆರಳು ತೆಗೆಯಿರಿ. 20-25 ಸೆಕೆಂಡು ಹಿಡಿದೇ ಇದ್ದರೆ ಫ್ಯಾಕ್ಟರಿ ರಿಸೆಟ್ ಆಗಿ ಅಲಾರಂ, ಅಕೌಂಟ್ ಎಲ್ಲಾ ಹೋಗುತ್ತದೆ. ದೂರದಿಂದ ಫೋನಿನಲ್ಲಿ "ಒತ್ತಿ ಹಿಡಿ" ಅಂತ ಹೇಳುವ ಮೊದಲು ಇದನ್ನು ನೆನಪಿಡಿ.

ಹಸಿರು ವಿಷಯಕ್ಕೆ ಸ್ವಲ್ಪ ನಿಲ್ಲೋಣ, ಇದನ್ನು ಬಹಳ ಜನ ಗಮನಿಸುವುದಿಲ್ಲ. ಹಸಿರು ಮಿಣುಕಿದರೆ ಕಾಲ್ ಬರುತ್ತಿದೆ. ಹಸಿರು ಸುತ್ತುತ್ತಿದ್ದರೆ ಕಾಲ್ ಅಥವಾ ಡ್ರಾಪ್ ಇನ್ ನಡೆಯುತ್ತಿದೆ. ಡ್ರಾಪ್ ಇನ್ ಅಂದರೆ ಆ ಕಡೆಯವರು ಎತ್ತದೆಯೇ ಕಾಲ್ ಕನೆಕ್ಟ್ ಆಗುವುದು, ಕೋಣೆಯಲ್ಲಿ ಆಡುವ ಮಾತೆಲ್ಲಾ ಕೇಳುತ್ತದೆ. ಎಕೋ ಶೋ ಇದ್ದರೆ ಮೊದಲು ಕೆಲವು ಸೆಕೆಂಡು ಮಸುಕಾಗಿ, ಆಮೇಲೆ ವಿಡಿಯೋ ಕೂಡ ಸ್ಪಷ್ಟವಾಗಿ ಕಾಣುತ್ತದೆ. ಹಾಸಿಗೆ ಹಿಡಿದ ತಂದೆ ತಾಯಿ ಇದ್ದರೆ ಇದು ಉಪಯೋಗವೇ. ಆದರೆ ಹೆಂಡತಿ, ಅತ್ತೆ, ಮಕ್ಕಳು ಇರುವ ಮನೆಯಲ್ಲಿ ಅವರಿಗೆ ಹೇಳದೆ ಇದನ್ನು ಆನ್ ಮಾಡಿಟ್ಟು ಬರುವುದು ಸರಿಯಲ್ಲ, ನನ್ನ ಅಭಿಪ್ರಾಯ. ದೂರ ಇದ್ದೇವೆ ಅಂತ ಕಿವಿ ಇಟ್ಟು ಕೂರುವ ಹಕ್ಕು ನಮಗಿಲ್ಲ. ಆ್ಯಪಿನಲ್ಲಿ ಒಂದೊಂದು ಸ್ಪೀಕರಿಗೂ ಡ್ರಾಪ್ ಇನ್ ಆನ್, ಮನೆಯ ಸ್ಪೀಕರುಗಳಿಗೆ ಮಾತ್ರ, ಆಫ್ ಎಂದು ಮೂರು ಆಯ್ಕೆ ಇದೆ. ಮನೆಯವರನ್ನು ಕೇಳಿ ಇಡಿ. ಯಾರೂ ಫೋನ್ ಮಾಡದೆ ಹಸಿರು ಸುತ್ತುತ್ತಿದ್ದರೆ "ಅಲೆಕ್ಸಾ, ಹ್ಯಾಂಗ್ ಅಪ್" ಅನ್ನಲು ಅವರಿಗೂ ಕಲಿಸಿ.

ಇದರಲ್ಲೇ ಊರಿಗೆ ಫ್ರೀ ಕಾಲ್ ಮಾಡಬಹುದಲ್ಲ ಅಂತ ಲೆಕ್ಕ ಹಾಕಿ ಕೊಳ್ಳಬೇಡಿ. ಯುಎಇಯಲ್ಲಿ ವಾಟ್ಸಾಪ್ ಕಾಲ್ ಹೋಗದಿರುವುದು ನಿಮಗೆ ಗೊತ್ತೇ ಇದೆ. ಇಂಟರ್ನೆಟ್ ಕಾಲಿಗೆ ಆಯಾ ದೇಶದ ನಿಯಮ ಇದೆ, ಸ್ಪೀಕರಿಗೆ ಅಂತ ರಿಯಾಯಿತಿ ಇಲ್ಲ.

ಮಾತನಾಡಿಸಿದ ಮೇಲೆ ಒಮ್ಮೆ ನೇರಳೆ ಬಂದು ಹೋದರೆ ಡು ನಾಟ್ ಡಿಸ್ಟರ್ಬ್ ಆನ್ ಇದೆ. ನೀವು ಕಳಿಸಿದ ಮೆಸೇಜು, ಕಾಲು ಯಾವುದೂ ಸದ್ದು ಮಾಡುವುದಿಲ್ಲ. ಅಲಾರಂ ಮಾತ್ರ ಹೊಡೆದುಕೊಳ್ಳುತ್ತದೆ. "ಅಲೆಕ್ಸಾ, ಟರ್ನ್ ಆಫ್ ಡು ನಾಟ್ ಡಿಸ್ಟರ್ಬ್" ಅಂದರೆ ಮುಗಿಯಿತು.

ಗೂಗಲ್ ನೆಸ್ಟ್ ಮಿನಿ ಇಟ್ಟುಕೊಂಡವರು ಮೇಲಿನದ್ದನ್ನು ಹಾಗೆಯೇ ಹಚ್ಚಬೇಡಿ. ಅದರಲ್ಲಿ ನಾಲ್ಕು ಚುಕ್ಕಿ ಲೈಟು. ನಾಲ್ಕೂ ಆರೆಂಜ್ ಆದರೆ ಮೈಕ್ ಬಂದ್, ವಯರ್ ಪಕ್ಕದ ಸಣ್ಣ ಸ್ವಿಚ್ ಸರಿಸಬೇಕು. ಅಂದರೆ ಅಲೆಕ್ಸಾದಲ್ಲಿ ಕೆಂಪು ಹೇಳುವುದನ್ನು ಗೂಗಲ್‌ನಲ್ಲಿ ಆರೆಂಜ್ ಹೇಳುತ್ತದೆ. ಒಂದೇ ಮನೆಯಲ್ಲಿ ಎರಡೂ ಇದ್ದರೆ ಗೊಂದಲ ಗ್ಯಾರಂಟಿ.

ಇಲ್ಲಿಂದ ಒಯ್ಯುವವರಿಗೆ ಇನ್ನೆರಡು ಮಾತು. ಇಲ್ಲಿನ ಅಡಾಪ್ಟರಿನ ಪಿನ್ ಚಪ್ಪಟೆ, ಊರಿನ ಸಾಕೆಟ್ಟಿಗೆ ಹೋಗದು. ವೋಲ್ಟೇಜ್ ತೊಂದರೆ ಇಲ್ಲ, ಒಂದು ಕನ್ವರ್ಟರ್ ಪಿನ್ ಸಾಕು. ಫೋನ್ ಚಾರ್ಜರ್ ಸಿಕ್ಕಿಸಿ ಪ್ರಯೋಗ ಮಾಡಬೇಡಿ, ಅದರ ಅಡಾಪ್ಟರನ್ನೇ ಬಳಸಿ. ಎರಡನೆಯದು ಟೈಮ್ ಝೋನ್. ದುಬೈಯಲ್ಲಿ ಸೆಟಪ್ ಮಾಡಿ ಹಾಗೇ ಒಯ್ದು ಇಟ್ಟರೆ 8ರ ಅಲಾರಂ ಊರಲ್ಲಿ 9.30ಕ್ಕೆ ಹೊಡೆಯುತ್ತದೆ. ಸೌದಿ, ಕುವೈತ್, ಕತಾರ್, ಬಹ್ರೇನಿನವರಿಗೆ 10.30 ಆಗುತ್ತದೆ. ಮಾತ್ರೆಯ ವಿಷಯದಲ್ಲಿ ಇದು ಸಣ್ಣದಲ್ಲ. ಆ್ಯಪಿನಲ್ಲಿ ಆ ಸ್ಪೀಕರಿನ ಲೊಕೇಶನ್, ಟೈಮ್ ಝೋನ್ ಎರಡನ್ನೂ ಭಾರತಕ್ಕೆ ಬದಲಾಯಿಸಿ.

ಫೈನಲ್ ಎಕ್ಸಿಟಿನಲ್ಲಿ ಹೋಗುವಾಗ ರೂಮಿನ ಗೆಳೆಯರಿಗೆ ಮಾರಿ ಹೋಗುವವರೂ ಇದ್ದಾರೆ. ಫ್ರಿಜ್ಜು, ಮಂಚ ಕೊಟ್ಟ ಹಾಗೆ ಇದನ್ನು ಕೊಡುವಂತಿಲ್ಲ. ಆ್ಯಪಿನಲ್ಲಿ ಸ್ಪೀಕರಿನ ಸೆಟ್ಟಿಂಗ್ ತೆರೆದು ಡಿರಿಜಿಸ್ಟರ್ ಒತ್ತಿ, ಆಮೇಲೆ ಕೊಡಿ. ಇಲ್ಲದಿದ್ದರೆ ನಿಮ್ಮ ಹೆಸರಿನ ಹಳದಿ ಲೈಟು ಅವರ ರೂಮಿನಲ್ಲಿ ಮಿಣುಕುತ್ತಿರುತ್ತದೆ, ಅವರು ಅದರಲ್ಲಿ ಆರ್ಡರ್ ಮಾಡಿದರೆ ಬಿಲ್ಲು ನಿಮ್ಮ ಕಾರ್ಡಿಗೆ ಬರಬಹುದು.