ಆಂಡ್ರಾಯ್ಡ್ ಫೋನಿನ ಸರ್ವಿಸ್ ಬುಕ್

ಕೇಂದ್ರ ಸರ್ಕಾರದ ನೌಕರಿಗೆ ಹೊಸದಾಗಿ ಸೇರಿದವರನ್ನು ಸಾಮಾನ್ಯವಾಗಿ ಎರಡು ವರ್ಷ ಪ್ರೊಬೇಷನ್ನಿನಲ್ಲಿ ಇಡುತ್ತಾರೆ. ಪರೀಕ್ಷೆಯಲ್ಲಿ ಎಷ್ಟೇ ಅಂಕ ಬಂದಿರಲಿ, ಆಸಾಮಿ ಕಡತಗಳ ನಡುವೆ ದಿನನಿತ್ಯ ಹೇಗೆ ಕೆಲಸ ಮಾಡುತ್ತಾನೆಂಬುದನ್ನು ನೋಡಿದ ಮೇಲೆಯೇ ಅವನನ್ನು ಖಾಯಂ ಮಾಡುವುದು. ಒಳ್ಳೆಯ ಪದ್ಧತಿ. ಆದರೆ ಒಂದು ಲಕ್ಷಕ್ಕೂ ಮೀರಿದ ಬೆಲೆಯ ಫೋನನ್ನು ಮನೆಗೆ ತರುವಾಗ ಮಾತ್ರ ನಾವು ಈ ವಿವೇಕವನ್ನು ಅಂಗಡಿಯ ಬಾಗಿಲಲ್ಲೇ ಬಿಟ್ಟುಬಿಡುತ್ತೇವೆ. ಜಾಹೀರಾತೇ ಅರ್ಜಿ, ಜಾಹೀರಾತೇ ಸಂದರ್ಶನ, ಜಾಹೀರಾತೇ ನೇಮಕಾತಿ ಪತ್ರ!

ನಮ್ಮ ಸಂಘದ ಬಂಧುಗಳಲ್ಲಿ ಮಧ್ಯಮ ವರ್ಗದವರೇ ಹೆಚ್ಚು. ಊರು ಬಿಟ್ಟು ಬಂದ ನಮಗೆ ಫೋನೆಂದರೆ ಬರೀ ಆಟದ ಸಾಮಾನಲ್ಲ. ಊರಿನಲ್ಲಿರುವ ತಾಯಿತಂದೆಯರ ಮುಖ, ಮಕ್ಕಳ ಪಾಠ, ಬ್ಯಾಂಕಿನ ವ್ಯವಹಾರ, ಕನ್ನಡದ ಓದು ಎಲ್ಲವೂ ಅದರಲ್ಲಿಯೇ. ಆದ್ದರಿಂದ ಈ ದುಬಾರಿ ಫೋನುಗಳ ವಂಶದ ಚರಿತ್ರೆಯನ್ನು ಒಮ್ಮೆ ತಿರುವಿ, ದಿನಬಳಕೆಯಲ್ಲಿ ಅವು ಪಡೆದ ಅಂಕಗಳೆಷ್ಟು ಎಂಬುದನ್ನು ನೋಡುವುದು ಉಪಯುಕ್ತವೆಂದು ಭಾವಿಸಿ ಈ ಲೇಖನವನ್ನು ಬರೆದಿದ್ದೇನೆ.

ಮೊದಲ ಹಡಗು

ಇಂತಹ ಫೋನುಗಳಿಗೆ ‘ಫ್ಲ್ಯಾಗ್‌ಶಿಪ್’ ಎಂದು ಹೆಸರು. ಇದು ನೌಕಾಪಡೆಯ ಮಾತು. ದಳದ ಅಧಿಪತಿ ಪ್ರಯಾಣ ಮಾಡುವ, ಅವನ ಪತಾಕೆ ಹಾರುವ ಹಡಗಿಗೆ ಆ ಹೆಸರು. ಒಂದು ಕಂಪನಿ ತನ್ನ ಕೈಲಾದದ್ದನ್ನೆಲ್ಲ ತುಂಬಿ, ‘ನಮ್ಮ ಶಕ್ತಿಯನ್ನು ಇದರಲ್ಲಿ ನೋಡಿ’ ಎಂದು ಮುಂದಿಡುವ ಫೋನಿಗೆ ಈಗ ಆ ಪದ ಅಂಟಿಕೊಂಡಿದೆ.

ಆಂಡ್ರಾಯ್ಡ್ ಎಂಬ ಸಂಸ್ಥೆ ಹುಟ್ಟಿದ್ದು 2003ರಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋದಲ್ಲಿ. ಆಂಡಿ ರೂಬಿನ್, ರಿಚ್ ಮೈನರ್, ನಿಕ್ ಸಿಯರ್ಸ್, ಕ್ರಿಸ್ ವೈಟ್ ಇದರ ಸ್ಥಾಪಕರು. ಡಿಜಿಟಲ್ ಕ್ಯಾಮೆರಾಗಳಿಗೆ ತಂತ್ರಾಂಶ ಒದಗಿಸಬೇಕೆಂಬುದು ಅವರ ಮೊದಲ ಯೋಚನೆ. ಆಮೇಲೆ ಫೋನಿನತ್ತ ಹೊರಳಿದರು. 2005ರಲ್ಲಿ ಗೂಗಲ್ ಈ ಪುಟ್ಟ ಸಂಸ್ಥೆಯನ್ನು ಕೊಂಡುಕೊಂಡಿತು. 2007ರ ನವೆಂಬರ್ 5ರಂದು ಹಲವು ಫೋನು ತಯಾರಕರೂ ದೂರವಾಣಿ ಕಂಪನಿಗಳೂ ಸೇರಿದ ಒಕ್ಕೂಟವೊಂದು ಪ್ರಕಟವಾಯಿತು. 2008ರ ಸೆಪ್ಟೆಂಬರ್ 23ರಂದು ನ್ಯೂಯಾರ್ಕಿನಲ್ಲಿ ಮೊದಲ ಆಂಡ್ರಾಯ್ಡ್ ಫೋನಿನ ಅನಾವರಣವಾಯಿತು. ಅದನ್ನು ತಯಾರಿಸಿದ್ದು ತೈವಾನಿನ ಎಚ್‌ಟಿಸಿ, ಮಾರಿದ್ದು ಟಿ-ಮೊಬೈಲ್, ಹೆಸರು ಜಿ1.

ಇಂದಿನ ಹುಡುಗರು ಅದನ್ನು ನೋಡಿದರೆ ನಕ್ಕಾರು. 3.2 ಅಂಗುಲದ ಪರದೆ, ಪಕ್ಕಕ್ಕೆ ಸರಿಸಿದರೆ ಹೊರಬರುವ ಗುಂಡಿಗಳ ಕೀಲಿಮಣೆ, 192 ಎಂಬಿ ರ್‍ಯಾಮ್, 1150 ಮಿಲಿಆಂಪಿಯರ್-ಅವರ್ ಬ್ಯಾಟರಿ. ಹಾಡು ಕೇಳುವ ಸಾಧಾರಣ ಇಯರ್‌ಫೋನನ್ನು ಚುಚ್ಚಲು ತೂತೇ ಇರಲಿಲ್ಲ, ಅದಕ್ಕೊಂದು ಪ್ರತ್ಯೇಕ ಕೊಂಡಿ ಬೇಕಾಗುತ್ತಿತ್ತು. ಎರಡು ವರ್ಷದ ಕರಾರಿಗೆ ಸಹಿ ಹಾಕಿದವರಿಗೆ ಬೆಲೆ 179 ಡಾಲರ್. ಬೆಳಗ್ಗೆ ಚಾರ್ಜು ಮಾಡಿಕೊಂಡು ಹೊರಟರೆ ಸಂಜೆಯವರೆಗೆ ಬಾರದು ಎಂಬ ದೂರು ಆಗಲೇ ಶುರುವಾಯಿತು. ಇಲ್ಲಿಂದ ಮುಂದೆ ಈ ವಂಶದ ಪ್ರತಿಯೊಂದು ಪೀಳಿಗೆಯನ್ನೂ ಈ ದೂರು ಬೆನ್ನಟ್ಟಿಕೊಂಡೇ ಬಂದಿದೆ.

ಅರವತ್ತನಾಲ್ಕೂ ನಾಲ್ಕೂ

ಅದು ಏಕೆಂಬುದನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. 2024ರ ಜನವರಿಯಲ್ಲಿ ಸ್ಯಾಮ್‌ಸಂಗ್ ಕಂಪನಿಯ ಗ್ಯಾಲಕ್ಸಿ ಎಸ್24 ಅಲ್ಟ್ರಾ ಎಂಬ ಪತಾಕೆಯ ಫೋನು ಬಂದಿತು. ಭಾರತದಲ್ಲಿ ಅದರ ಆರಂಭಿಕ ಬೆಲೆ 1,29,999 ರೂಪಾಯಿ. ಅದರ ರ್‍ಯಾಮ್ 12 ಜಿಬಿ, ಅಂದರೆ ಜಿ1ರದಕ್ಕಿಂತ ಸರಿಯಾಗಿ 64 ಪಾಲು. ಬ್ಯಾಟರಿ 5000 ಮಿಲಿಆಂಪಿಯರ್-ಅವರ್, ಅಂದರೆ ನಾಲ್ಕು ಪಾಲಿಗಿಂತ ತುಸು ಹೆಚ್ಚು. ಹದಿನೈದು ವರ್ಷಗಳಲ್ಲಿ ಸಿಲಿಕಾನ್ ಎಷ್ಟು ದೂರ ಓಡಿತು, ರಸಾಯನಶಾಸ್ತ್ರ ಎಷ್ಟು ನಡೆಯಿತು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ. 

ಲಿಥಿಯಂ-ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದದ್ದು ಜಪಾನಿನ ಸೋನಿ ಕಂಪನಿ, 1991ರಲ್ಲಿ. ಅದರ ಮೂಲ ಸಂಶೋಧನೆಗಾಗಿ ಜಾನ್ ಗುಡ್ಇನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್, ಅಕಿರ ಯೊಶಿನೊ ಈ ಮೂವರಿಗೆ 2019ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಸಂದಿತು. ಚಾರ್ಜು ಮಾಡುವಾಗ ಲಿಥಿಯಂ ಅಯಾನುಗಳು ಒಂದು ಧ್ರುವದಿಂದ ಹೊರಟು ಇನ್ನೊಂದು ಧ್ರುವದ ಗ್ರ್ಯಾಫೈಟಿನ ಪದರಗಳ ನಡುವೆ ಸೇರಿಕೊಳ್ಳುತ್ತವೆ. ಬಳಸುವಾಗ ಹಿಂದಿರುಗುತ್ತವೆ. ಈ ಹೋಗಿಬರುವಿಕೆಯಲ್ಲಿ ಪ್ರತಿಬಾರಿಯೂ ಒಂದಿಷ್ಟು ಲಿಥಿಯಂ ಅಡ್ಡಕ್ರಿಯೆಗಳಲ್ಲಿ ಸಿಕ್ಕಿಕೊಂಡು ನಿರುಪಯೋಗಿಯಾಗುತ್ತದೆ. ಬಿಸಿ ಹೆಚ್ಚಿದಷ್ಟೂ ಈ ನಷ್ಟ ಹೆಚ್ಚು. ಬೇಸಿಗೆಯಲ್ಲಿ ನಮ್ಮ ಮಹಾನಗರಗಳ ಬಸ್ಸಿನಲ್ಲಿ ಜೇಬಿನೊಳಗೆ ಬೇಯುವ ಫೋನಿಗೆ ಈ ನಿಯಮದಿಂದ ವಿನಾಯಿತಿ ಇಲ್ಲ, ಅದರ ಬೆಲೆ ಎಷ್ಟೇ ಇರಲಿ. ಅಂಗಡಿಯಲ್ಲಿ ಕಾಣದ, ಎರಡನೆಯ ವರ್ಷದಲ್ಲಿ ತಾನಾಗಿ ಬಯಲಾಗುವ ಸಂಗತಿ ಇದು.

2016ರ ಪಾಠ

ಈ ಚರಿತ್ರೆಯಲ್ಲಿ ಅತ್ಯಂತ ದೊಡ್ಡ ಅನಾಹುತ ನಡೆದದ್ದು 2016ರಲ್ಲಿ. ಆ ಆಗಸ್ಟಿನಲ್ಲಿ ಬಂದ ಸ್ಯಾಮ್‌ಸಂಗ್ ಗ್ಯಾಲಕ್ಸಿ ನೋಟ್ 7 ಫೋನನ್ನು ವಿಮರ್ಶಕರು ಬಾಯಿತುಂಬ ಹೊಗಳಿದರು. ಮೊದಲ ವಾರದ ಪರೀಕ್ಷೆಯಲ್ಲಿ ಅದು ಎಲ್ಲದರಲ್ಲಿಯೂ ಉತ್ತೀರ್ಣ. ಆದರೆ ಜನರ ಮನೆಗಳಲ್ಲಿ, ಹಾಸಿಗೆಯ ಪಕ್ಕದಲ್ಲಿ, ವಾಹನಗಳಲ್ಲಿ ಅದು ಹೊತ್ತಿಕೊಳ್ಳತೊಡಗಿತು. ಸೆಪ್ಟೆಂಬರ್ 2ರಂದು ಕಂಪನಿ ಮಾರಾಟ ನಿಲ್ಲಿಸಿ, ಕೊಂಡವರಿಗೆ ಬದಲಿ ಫೋನು ಕೊಡುವುದಾಗಿ ಘೋಷಿಸಿತು. ಬದಲಿ ಫೋನುಗಳೂ ಹೊತ್ತಿಕೊಂಡವು. ಭಾರತದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಸೇರಿದಂತೆ ಹಲವು ದೇಶಗಳ ಅಧಿಕಾರಿಗಳು ವಿಮಾನದಲ್ಲಿ ಅದರ ಬಳಕೆಯನ್ನು ನಿಷೇಧಿಸಿದರು. ಅಕ್ಟೋಬರ್ 11ರಂದು ತಯಾರಿಕೆಯೇ ನಿಂತಿತು.

2017ರ ಜನವರಿಯಲ್ಲಿ ಕಂಪನಿ ತನಿಖೆಯ ವರದಿಯನ್ನು ಮುಂದಿಟ್ಟಿತು. ಸುಮಾರು 700 ಮಂದಿ ಎಂಜಿನಿಯರುಗಳು 2 ಲಕ್ಷ ಫೋನುಗಳನ್ನೂ 30 ಸಾವಿರ ಬಿಡಿ ಬ್ಯಾಟರಿಗಳನ್ನೂ ಪರೀಕ್ಷಿಸಿದ್ದರು. ಎರಡು ಬೇರೆ ಬೇರೆ ತಯಾರಕರ ಬ್ಯಾಟರಿಗಳಲ್ಲಿ ಎರಡು ಬೇರೆ ಬೇರೆ ದೋಷಗಳು ಕಂಡುಬಂದವು. ಎರಡರ ಪರಿಣಾಮವೂ ಒಂದೇ: ಧ್ರುವಗಳು ಒಳಗೇ ಒಂದಕ್ಕೊಂದು ತಾಗಿ ಶಾರ್ಟ್ ಸರ್ಕ್ಯೂಟ್. ಆ ಬಳಿಕ ಕಂಪನಿ ಎಂಟು ಹಂತಗಳ ಬ್ಯಾಟರಿ ಪರೀಕ್ಷೆಯನ್ನು ಜಾರಿಗೆ ತಂದಿತು. ಇಷ್ಟು ದೊಡ್ಡ ಪ್ರಯೋಗಾಲಯಗಳಿದ್ದರೂ ದೋಷ ಹೊರಬಿದ್ದದ್ದು ಸಾಮಾನ್ಯ ಗ್ರಾಹಕರ ದಿನಬಳಕೆಯಲ್ಲಿ ಎಂಬುದನ್ನು ಓದುಗರು ಗಮನಿಸಬೇಕು.

ಬ್ಯಾಟರಿಯ ವಿಷಯದಲ್ಲಿ ಇನ್ನೊಂದು ಬದಲಾವಣೆ ಸದ್ದಿಲ್ಲದೆ ನಡೆದಿತ್ತು. 2014ರ ಗ್ಯಾಲಕ್ಸಿ ಎಸ್5 ಫೋನಿನ ಹಿಂಬದಿಯ ಮುಚ್ಚಳವನ್ನು ಉಗುರಿನಿಂದಲೇ ತೆಗೆದು ಬ್ಯಾಟರಿ ಬದಲಿಸಬಹುದಾಗಿತ್ತು. ಹಾಗಿದ್ದೂ ಅದು ನೀರನ್ನು ತಡೆಯುತ್ತಿತ್ತು. ಮರುವರ್ಷದ ಎಸ್6ರಲ್ಲಿ ಹೊಳೆಯುವ ಗಾಜಿನ ಬೆನ್ನು ಬಂದಿತು. ಬ್ಯಾಟರಿ ಅಂಟಿನಡಿ ಸೇರಿತು, ಮೆಮೊರಿ ಕಾರ್ಡಿನ ಜಾಗ ಮಾಯವಾಯಿತು. ಕಾರ್ಡಿನ ಜಾಗ 2016ರ ಎಸ್7ರಲ್ಲಿ ಮರಳಿತು, ಕೆಲವು ವರ್ಷಗಳ ಬಳಿಕ ಮತ್ತೆ ಹೋಯಿತು. ಆ ಸಾಲಿನಲ್ಲಿ ಬಿಚ್ಚುವ ಬ್ಯಾಟರಿ ಮಾತ್ರ ಹಿಂದಿರುಗಲೇ ಇಲ್ಲ. ಅಂದ ಹೆಚ್ಚಿತು, ಆಯುಷ್ಯದ ಹಗ್ಗ ಗ್ರಾಹಕನ ಕೈಯಿಂದ ರಿಪೇರಿ ಅಂಗಡಿಯವನ ಕೈಗೆ ಹೋಯಿತು.

ಕನ್ನಡದ ಕಣ್ಣಿನಿಂದ ನೋಡಿದರೆ

ಇಂಗ್ಲಿಷಿನ ವಿಮರ್ಶೆಗಳು ಕ್ಯಾಮೆರಾ, ಪರದೆ, ವೇಗ ಇವನ್ನೇ ತೂಗುತ್ತವೆ. ಕನ್ನಡಿಗನಿಗೆ ಇವುಗಳ ಜೊತೆಗೆ ಇನ್ನೊಂದು ತಕ್ಕಡಿ ಉಂಟು: ಈ ಫೋನಿಗೆ ಕನ್ನಡ ಬರುತ್ತದೆಯೇ?

ಯೂನಿಕೋಡ್ ಎಂಬ ಜಾಗತಿಕ ಸಂಕೇತ ವ್ಯವಸ್ಥೆಯಲ್ಲಿ 1991ರಲ್ಲಿಯೇ ಕನ್ನಡಕ್ಕೆ ಸ್ಥಾನ ಸಿಕ್ಕಿತ್ತು. ಆದರೆ ಸಂಕೇತ ಇದ್ದಮಾತ್ರಕ್ಕೆ ಅಕ್ಷರ ಮೂಡುವುದಿಲ್ಲ. ‘ಸ್ತ್ರೀ’ ಎಂಬ ಒಂದೇ ಅಕ್ಷರದ ಪದವನ್ನು ತೆಗೆದುಕೊಳ್ಳಿ. ಯಂತ್ರದ ಒಳಗೆ ಅದು ಆರು ಸಂಕೇತಗಳ ಸಾಲು: ಸ, ವಿರಾಮ ಚಿಹ್ನೆ, ತ, ಮತ್ತೆ ವಿರಾಮ ಚಿಹ್ನೆ, ರ, ಕೊನೆಗೆ ದೀರ್ಘ ಈಕಾರ. ಇವನ್ನು ಒತ್ತುಗಳಾಗಿ ಜೋಡಿಸಿ, ಸ್ವರವನ್ನು ಮೂಲ ವ್ಯಂಜನಕ್ಕೆ ಸೇರಿಸಿ ಕಣ್ಣಿಗೆ ಒಂದೇ ಅಕ್ಷರವಾಗಿ ತೋರಿಸಲು ಅಕ್ಷರವಿನ್ಯಾಸದ ತಂತ್ರಾಂಶ ಬೇಕು. ಅದಿಲ್ಲದಿದ್ದರೆ ಕಾಣುವುದು ಚೂರುಚೂರಾದ ಅಕ್ಷರ, ಅಥವಾ ಬರೀ ಖಾಲಿ ಚೌಕಗಳು.

ಗೂಗಲ್‌ನ ಮೂಲ ಆಂಡ್ರಾಯ್ಡಿಗೆ ಕನ್ನಡ ಲಿಪಿಯ ಬೆಂಬಲ ಬಂದದ್ದು 2012ರ 4.1ನೆಯ ಆವೃತ್ತಿಯಲ್ಲಿ, ತೆಲುಗು ಮಲಯಾಳಗಳ ಜೊತೆಗೆ. ಫೋನಿನ ಪಟ್ಟಿಗಳೂ ಸೂಚನೆಗಳೂ ಕನ್ನಡದಲ್ಲಿ ಕಾಣಿಸಿಕೊಂಡದ್ದು 2014ರ 5.0 ಆವೃತ್ತಿಯಲ್ಲಿ. ಈಗ ಇದನ್ನು ಫೋನುಗಳ ಚರಿತ್ರೆಯ ಪಕ್ಕದಲ್ಲಿಟ್ಟು ನೋಡೋಣ. 2008ರ ಜಿ1 ಫೋನಿಗೆ ಅಧಿಕೃತವಾಗಿ ಸಿಕ್ಕ ಕೊನೆಯ ಆವೃತ್ತಿ 1.6. ಸ್ಯಾಮ್‌ಸಂಗಿನ ಮೊದಲ ಪತಾಕೆ, 2010ರ ಗ್ಯಾಲಕ್ಸಿ ಎಸ್, 2.3ಕ್ಕೆ ನಿಂತಿತು. ಅದಕ್ಕೆ 4.0 ಕೊಡುವುದಿಲ್ಲವೆಂದು ಕಂಪನಿ 2011ರ ಡಿಸೆಂಬರಿನಲ್ಲಿಯೇ ಹೇಳಿಬಿಟ್ಟಿತು. ಆದ್ದರಿಂದ ಆ ಕಾಲದಲ್ಲಿ ಅತಿ ಹೆಚ್ಚು ಹಣ ತೆತ್ತವನ ಫೋನಿಗೂ 4.1ರ ಕನ್ನಡ ಅಧಿಕೃತ ಮಾರ್ಗದಿಂದ ತಲುಪಲಿಲ್ಲ. ತಂತ್ರಾಂಶದ ನವೀಕರಣ, ಅಂದರೆ ಅಪ್‌ಡೇಟ್, ಬೇರೆಯವರಿಗೆ ಹೊಸ ಸೊಬಗು ಇರಬಹುದು. ನಮಗೆ ಅದು ಲಿಪಿಯ ಪ್ರಶ್ನೆಯಾಗಿತ್ತು.

ಬರೆಯುವ ವಿಷಯದಲ್ಲಿ ಹೊರನಾಡ ಕನ್ನಡಿಗರು ಹೆಮ್ಮೆಪಡಬೇಕಾದ ಹೆಸರೊಂದಿದೆ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ದುಡಿದ ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸ ‘ನುಡಿ’ ತಂತ್ರಾಂಶದ ಮೂಲಕ ಮನೆಮಾತಾಗಿ, ಕರ್ನಾಟಕ ಸರ್ಕಾರದ ಮನ್ನಣೆ ಪಡೆಯಿತು. ಇಂದು ಫೋನಿನ ಹಲವು ಕನ್ನಡ ಕೀಲಿಮಣೆಗಳಲ್ಲಿಯೂ ಆ ವಿನ್ಯಾಸ ಸಿಗುತ್ತದೆ. 2016ರಲ್ಲಿ ಕೇಂದ್ರ ಸರ್ಕಾರ, ಭಾರತದಲ್ಲಿ ಮಾರುವ ಫೋನುಗಳೆಲ್ಲ ಸಂವಿಧಾನದ 22 ಭಾಷೆಗಳನ್ನೂ ಓದಿಸುವಂತಿರಬೇಕೆಂದು ಆದೇಶ ಹೊರಡಿಸಿತು. 2017ರಲ್ಲಿ ಗೂಗಲ್ ಕನ್ನಡದಲ್ಲಿ ಮಾತನಾಡಿ ಬರೆಸುವ ಸೌಲಭ್ಯವನ್ನೂ ಕೊಟ್ಟಿತು. ಮಹಾನಗರದ ಶಾಲೆಯಲ್ಲಿ ಕನ್ನಡ ಕಲಿಯದ ಮೊಮ್ಮಗಳು ಊರಿನ ಅಜ್ಜಿಗೆ ಕನ್ನಡದಲ್ಲಿ ನಾಲ್ಕು ಸಾಲು ಕಳಿಸುವುದು ಇದರಿಂದ ಸಾಧ್ಯವಾಗಿದೆ. ಇಲ್ಲಿ ಒಂದು ಸಮಾಧಾನದ ವಿಷಯವೆಂದರೆ, ಈ ಸೌಲಭ್ಯಗಳಿಗಾಗಿ ಇಂದು ಪತಾಕೆಯ ಫೋನೇ ಬೇಕೆಂದಿಲ್ಲ. ಸಾಧಾರಣ ಬೆಲೆಯ ಫೋನಿನಲ್ಲಿಯೂ ‘ಸ್ತ್ರೀ’ ಸರಿಯಾಗಿಯೇ ಮೂಡುತ್ತದೆ.

ಯಜಮಾನರು ಹೋದ ಮೇಲೆ

ಪತಾಕೆ ಹಾರಿಸಿದವರೆಲ್ಲ ದಡ ಸೇರಲಿಲ್ಲ. ಮೊದಲ ಆಂಡ್ರಾಯ್ಡ್ ಫೋನನ್ನು ಮಾಡಿದ ಎಚ್‌ಟಿಸಿ, 2013ರಲ್ಲಿ ಅಲ್ಯೂಮಿನಿಯಂ ಮೈಯ ‘ಒನ್’ ಫೋನಿನಿಂದ ಮೆಚ್ಚುಗೆ ಗಳಿಸಿಯೂ ಮಾರಾಟದಲ್ಲಿ ಸೋತಿತು. 2017ರಲ್ಲಿ ತನ್ನ ಎಂಜಿನಿಯರುಗಳ ಒಂದು ದೊಡ್ಡ ತಂಡವನ್ನು 110 ಕೋಟಿ ಡಾಲರಿಗೆ ಗೂಗಲ್‌ಗೆ ಒಪ್ಪಿಸಿತು. ಎಲ್‌ಜಿ ಕಂಪನಿಯ 2015ರ ಪತಾಕೆ ಜಿ4, ಬಳಸುತ್ತ ಬಳಸುತ್ತ ಇದ್ದಕ್ಕಿದ್ದಂತೆ ನಿಂತು, ಮತ್ತೆ ಮತ್ತೆ ತಾನೇ ಆರಂಭವಾಗುತ್ತ ಪೂರ್ತಿ ತೆರೆದುಕೊಳ್ಳದ ರೋಗಕ್ಕೆ ತುತ್ತಾಯಿತು. ಒಳಗಿನ ಬಿಡಿಭಾಗಗಳ ಸಂಪರ್ಕ ಸಡಿಲವಾದದ್ದು ಕಾರಣವೆಂದು 2016ರ ಜನವರಿಯಲ್ಲಿ ಕಂಪನಿಯೇ ಒಪ್ಪಿಕೊಂಡಿತು. 2021ರ ಏಪ್ರಿಲಿನಲ್ಲಿ ಎಲ್‌ಜಿ ಫೋನಿನ ವ್ಯಾಪಾರವನ್ನೇ ಮುಚ್ಚುವುದಾಗಿ ಪ್ರಕಟಿಸಿತು. ಫೋನು ಕೊಳ್ಳುವವನು ಅದರ ಜೊತೆಗೆ ತಯಾರಕನ ಭವಿಷ್ಯವನ್ನೂ ಒಂದಿಷ್ಟು ಕೊಳ್ಳುತ್ತಾನೆ.

ಒಳ್ಳೆಯ ಸುದ್ದಿಯೂ ಇದೆ. 2023ರ ಅಕ್ಟೋಬರಿನಲ್ಲಿ ಬಂದ ಗೂಗಲ್ ಪಿಕ್ಸೆಲ್ 8, ಮತ್ತು 2024ರ ಜನವರಿಯ ಗ್ಯಾಲಕ್ಸಿ ಎಸ್24 ಸಾಲಿನ ಫೋನುಗಳಿಗೆ ಏಳು ವರ್ಷ ನವೀಕರಣ ಕೊಡುವುದಾಗಿ ಆ ಕಂಪನಿಗಳು ಮಾತುಕೊಟ್ಟಿವೆ. ಭಾರತ ಸರ್ಕಾರ 2022ರ ಡಿಸೆಂಬರಿನಲ್ಲಿ ‘ರಿಪೇರಿಯ ಹಕ್ಕು’ ಕುರಿತ ಜಾಲತಾಣವನ್ನು ತೆರೆಯಿತು. ಐರೋಪ್ಯ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಜಾರಿಯಾದ ನಿಯಮದ ಪ್ರಕಾರ 800 ಸಲ ಚಾರ್ಜು ಮಾಡಿದ ಮೇಲೂ ಬ್ಯಾಟರಿಯಲ್ಲಿ ಕನಿಷ್ಠ ಶೇಕಡ 80 ಸಾಮರ್ಥ್ಯ ಉಳಿದಿರಬೇಕು. ದಿನಬಳಕೆಯ ಅನುಭವ ಹೀಗೆ ಕಾನೂನಿನ ಭಾಷೆಗೆ ಇಳಿಯುತ್ತಿರುವುದು ಈ ಚರಿತ್ರೆಯ ಹೊಸ ಅಧ್ಯಾಯ.

ಕೊಳ್ಳುವವರಿಗೆ ನಾಲ್ಕು ಮಾತು

ನಮ್ಮ ಮನೆಗಳಲ್ಲಿ ಫೋನಿಗೆ ಎರಡು ಜನ್ಮ. ಇಲ್ಲಿ ಮೂರು ನಾಲ್ಕು ವರ್ಷ ದುಡಿದ ಮೇಲೆ ಅದು ರಜೆಯಲ್ಲಿ ಊರಿಗೆ ಹೋಗಿ ಅಪ್ಪನದೋ ಅತ್ತೆಯದೋ ಆಗುತ್ತದೆ. ಹಾಗಾಗಿ ಲೆಕ್ಕವನ್ನು ಆರೇಳು ವರ್ಷಕ್ಕೆ ಹಾಕಬೇಕು. 1,30,000 ರೂಪಾಯಿಯ ಫೋನು ಏಳು ವರ್ಷ ಬಾಳಿದರೆ ವರ್ಷಕ್ಕೆ ಸುಮಾರು 18,600 ರೂಪಾಯಿ. ಮೂರೇ ವರ್ಷಕ್ಕೆ ಮೂಲೆ ಸೇರಿದರೆ 43,000ಕ್ಕೂ ಮೇಲೆ. 30,000 ರೂಪಾಯಿಯ ಫೋನು ನಾಲ್ಕು ವರ್ಷ ನಡೆದರೆ ವರ್ಷಕ್ಕೆ 7,500. ದುಬಾರಿ ಫೋನಿನ ಕ್ಯಾಮೆರಾ ಮಬ್ಬುಬೆಳಕಿನಲ್ಲಿಯೂ ಮಗುವಿನ ಮುಖವನ್ನು ಚೆನ್ನಾಗಿ ಹಿಡಿಯುತ್ತದೆ, ಪರದೆ ಬಿಸಿಲಿನಲ್ಲಿಯೂ ಕಾಣುತ್ತದೆ, ಇದು ನಿಜ. ಈ ಸುಖಕ್ಕೆ ಹನ್ನೊಂದು ಸಾವಿರ ಹೆಚ್ಚು ಕೊಡಬಹುದೇ ಎಂಬುದು ಅವರವರ ಮನೆಯ ಬಜೆಟ್ಟಿಗೆ ಬಿಟ್ಟದ್ದು. ಆದರೆ ಆ ಹನ್ನೊಂದು ಸಾವಿರದ ಲೆಕ್ಕ ಫೋನು ಏಳು ವರ್ಷ ಬಾಳಿದರೆ ಮಾತ್ರ.

ಏಳು ವರ್ಷ ಬಾಳಬೇಕಾದರೆ ಕೊಳ್ಳುವ ಮುನ್ನ ಕೆಲವನ್ನು ವಿಚಾರಿಸಿಕೊಳ್ಳಬೇಕು. ನವೀಕರಣದ ವಾಗ್ದಾನ ಯಾವ ವರ್ಷದವರೆಗೆ? ಅದು ಮುಗಿದರೆ ಯಂತ್ರ ಗಟ್ಟಿಮುಟ್ಟಾಗಿದ್ದರೂ ಉಪಯೋಗ ಕುಗ್ಗುತ್ತದೆ. 2023ರ ಅಕ್ಟೋಬರಿನಲ್ಲಿ ವಾಟ್ಸಾಪ್ 5.0ಕ್ಕಿಂತ ಹಳೆಯ ಆಂಡ್ರಾಯ್ಡುಗಳನ್ನು ಕೈಬಿಟ್ಟಾಗ, ಕೆಟ್ಟುಹೋಗದ ಫೋನುಗಳೂ ಮೂಕವಾದವು. ಬ್ಯಾಟರಿ ಬದಲಿಸಲು ಎಷ್ಟು ಖರ್ಚು, ನಮ್ಮ ನಗರದಲ್ಲಿ ಮಾತ್ರವಲ್ಲದೆ ಊರಿನ ಹತ್ತಿರದ ಜಿಲ್ಲಾ ಕೇಂದ್ರದಲ್ಲಿಯೂ ಅದನ್ನು ಬದಲಿಸುವವರಿದ್ದಾರೆಯೇ? ಅಂಗಡಿಯಲ್ಲಿಯೇ ಭಾಷೆಯನ್ನು ಕನ್ನಡಕ್ಕೆ ತಿರುಗಿಸಿ, ಅಕ್ಷರ ದೊಡ್ಡದು ಮಾಡಿ, ಕನ್ನಡಕವಿಲ್ಲದೆ ಒಂದು ಪುಟ ಓದಿ ನೋಡಬೇಕು. ಮಾರುವ ಹುಡುಗ ಮುಖ ನೋಡಿಯಾನು, ನೋಡಲಿ. ಮುಂದೆ ಅದನ್ನು ಹಿಡಿದು ಓದುವವರು ಊರಿನ ಜಗಲಿಯ ಮೇಲೆ ಕುಳಿತ ನಮ್ಮ ಹಿರಿಯರು.