ದಾಳ ಯಾರ ಕೈಯಲ್ಲಿ? ಯುದ್ಧದಾಟ ಮತ್ತು ನ್ಯಾಯದ ಇತಿಹಾಸ

ಹಸ್ತಿನಾಪುರದ ದ್ಯೂತಸಭೆಯ ಕಥೆಯನ್ನು ನಾವೆಲ್ಲರೂ ಬಾಲ್ಯದಿಂದಲೇ ಬಲ್ಲೆವು. ಪಣ ಒಡ್ಡಿದವನು ದುರ್ಯೋಧನ, ದಾಳ ಉರುಳಿಸಿದವನು ಶಕುನಿ. ಸಭೆಯಲ್ಲಿ ಹಿರಿಯರಿಗೆ ಕೊರತೆಯಿರಲಿಲ್ಲ. ಎರಡೂ ಪಕ್ಷಗಳು ಒಪ್ಪಿದ ತೀರ್ಪುಗಾರ ಮಾತ್ರ ಇರಲಿಲ್ಲ. ಇಂದು ನಮ್ಮ ಮನೆಗಳ ಮಕ್ಕಳು ಅಂತರ್ಜಾಲದ ಯುದ್ಧದಾಟಗಳಲ್ಲಿ ಮುಖ ಕಾಣದ ಎದುರಾಳಿಯೊಡನೆ ಸೆಣಸುತ್ತಾರೆ. ಸೋತೊಡನೆ ಅವರ ಬಾಯಿಂದ ಹೊರಡುವ ಮಾತು, "ಅವನು ಮೋಸ ಮಾಡಿದ" ಎಂಬುದು. ಈ ಸಂಶಯಕ್ಕೆ ಎಡೆಗೊಡದಂತೆ ಆಟ ನಡೆಸುವ ಪ್ರಯತ್ನಕ್ಕೆ ಇನ್ನೂರು ವರ್ಷಗಳ ಇತಿಹಾಸವಿದೆ.

1824ರಲ್ಲಿ ಪ್ರಷ್ಯಾದ ಫಿರಂಗಿದಳದ ಅಧಿಕಾರಿ ರೈಸ್‌ವಿಟ್ಸ್ ಅವರು, ತಮ್ಮ ತಂದೆ 1812ರಲ್ಲಿ ದೊರೆಗೆ ತೋರಿಸಿದ್ದ ಯುದ್ಧದಾಟವನ್ನು ಪರಿಷ್ಕರಿಸಿ ಅದರ ನಿಯಮಗಳನ್ನು ಪ್ರಕಟಿಸಿದರು. ಚದುರಂಗದಲ್ಲಿ ಎರಡೂ ಸೇನೆಗಳು ಎಲ್ಲರ ಕಣ್ಣೆದುರಿಗಿರುತ್ತವೆ; ಇಲ್ಲಿ ಹಾಗಲ್ಲ. ಆಟಗಾರರು ತಮ್ಮ ಆಜ್ಞೆಗಳನ್ನು ತೀರ್ಪುಗಾರನಿಗೆ ಬರೆದುಕೊಡುತ್ತಿದ್ದರು. ಆತ ನಕ್ಷೆಯ ಮೇಲೆ ತುಕಡಿಗಳನ್ನು ನಡೆಸಿ, ರಣರಂಗದಲ್ಲಿ ಕಾಣಬಹುದಾದಷ್ಟನ್ನೇ ಅವರಿಗೆ ತೋರಿಸುತ್ತಿದ್ದ. ಸಾವುನೋವಿನ ಲೆಕ್ಕಕ್ಕೆ ದಾಳವೂ ಕೋಷ್ಟಕಗಳೂ ಇದ್ದವು. ಕೋಷ್ಟಕಗಳಿಂದ ಆಟ ನಿಧಾನವಾಗುವುದನ್ನು ಕಂಡ ವೆರ್ಡಿ ದು ವೆರ್ನ್ವಾ ಎಂಬ ಸೇನಾಧಿಕಾರಿ, 1876ರಲ್ಲಿ, ನಿರ್ಣಯವನ್ನು ತೀರ್ಪುಗಾರನ ಅನುಭವಕ್ಕೇ ಬಿಡಬೇಕೆಂದರು. ಆಟ ಚುರುಕಾಯಿತು, ಆದರೆ ನ್ಯಾಯವು ಒಬ್ಬನ ವಿವೇಕಕ್ಕೆ ಜೋತುಬಿದ್ದಿತು.

ಇಪ್ಪತ್ತನೆಯ ಶತಮಾನದ ಅಮೆರಿಕದಲ್ಲಿ ಯುದ್ಧದಾಟ ಸೈನ್ಯದ ಕೊಠಡಿಯಿಂದ ಮನೆಗೆ ಬಂದಿತು. ಅವಲಾನ್ ಹಿಲ್ ಸಂಸ್ಥೆಯ ಆಟಗಳನ್ನು ದೂರದೂರದ ಊರುಗಳವರು ಅಂಚೆಯ ಮೂಲಕ ಆಡತೊಡಗಿದರು. ದಾಳ ಉರುಳಿಸುವವರು ಯಾರು? ಅವರು ಕಂಡುಕೊಂಡ ಉಪಾಯ ಸೊಗಸಾಗಿದೆ. ನಡೆಯನ್ನು ಬರೆದು ಕಳುಹಿಸುವಾಗಲೇ ಒಂದು ಕಂಪನಿಯ ಷೇರನ್ನೂ ಮುಂದಿನ ಒಂದು ದಿನಾಂಕವನ್ನೂ ಹೆಸರಿಸುವುದು; ಆ ದಿನ ಎಷ್ಟು ಷೇರುಗಳು ಮಾರಾಟವಾದವೆಂದು ಪತ್ರಿಕೆಯಲ್ಲಿ ಅಚ್ಚಾದ ಸಂಖ್ಯೆಯ ಕೊನೆಯ ಅಂಕಿಯೇ ದಾಳದ ಫಲ. ಅದನ್ನು ಮೊದಲೇ ತಿಳಿಯುವುದು ಯಾರಿಗೂ ಸಾಧ್ಯವಿರಲಿಲ್ಲ. ನಂತರ ಪರಿಶೀಲಿಸುವುದು ಇಬ್ಬರಿಗೂ ಸಾಧ್ಯವಿತ್ತು.

ವೈದ್ಯವೃತ್ತಿಯಲ್ಲಿರುವ ನಮಗೆ ಇದು ಪರಿಚಿತ ಮಾರ್ಗ. 1948ರಲ್ಲಿ ಪ್ರಕಟವಾದ ಬ್ರಿಟನ್ನಿನ ಕ್ಷಯರೋಗದ ಸ್ಟ್ರೆಪ್ಟೋಮೈಸಿನ್ ಪ್ರಯೋಗದಲ್ಲಿ, ಯಾವ ರೋಗಿಗೆ ಹೊಸ ಔಷಧ ಎಂಬುದನ್ನು ಯಾದೃಚ್ಛಿಕ ಅಂಕಿಗಳಿಂದ ನಿರ್ಧರಿಸಿ ಲಕೋಟೆಗಳಲ್ಲಿ ಮುಚ್ಚಿಡಲಾಗಿತ್ತು. ಒಳ್ಳೆಯ ವೈದ್ಯನ ಒಳ್ಳೆಯ ಆಸೆಯೂ ಫಲಿತಾಂಶವನ್ನು ವಾಲಿಸಬಲ್ಲದು. ದಾಳವನ್ನು ಆಸೆಯ ಕೈಗೆ ಕೊಡಬಾರದು.

ಇಂದು ದಾಳ ಉರುಳಿಸುವುದು ಸರ್ವರ್. ಫಲ ಇಬ್ಬರಿಗೂ ಒಮ್ಮೆಲೇ ತಲುಪುತ್ತದೆ. ಆದರೆ ನ್ಯಾಯ ಅಷ್ಟಕ್ಕೇ ಮುಗಿಯದು. ಚರಿತ್ರೆಯ ಯುದ್ಧಗಳಲ್ಲಿ ಸೇನೆಗಳು ಸಮಬಲವಲ್ಲ. ಆದುದರಿಂದ ದುರ್ಬಲ ಪಕ್ಷವನ್ನು ಆಡಲು ಎಷ್ಟು ಹೆಚ್ಚುವರಿ ಬಲ ಬೇಕೆಂದು ಇಬ್ಬರೂ ಹರಾಜಿನಂತೆ ಕೂಗುವ ಪದ್ಧತಿ ಬಂದಿದೆ. ಕಡಿಮೆ ಕೇಳಿದವನಿಗೆ ಆ ಪಕ್ಷ. ಎದುರಾಳಿಗಳನ್ನು ಹೊಂದಿಸಲು ಚದುರಂಗವೇ ನೆರವಾಯಿತು: ಸಮಾನ ಅಂಕ ಗಳಿಸಿದವರನ್ನು ಎದುರುಬದುರು ಕೂರಿಸುವ ಸ್ವಿಸ್ ಪದ್ಧತಿ 1895ರಲ್ಲಿ ಜ್ಯೂರಿಚ್‌ನಲ್ಲಿ ಬಳಕೆಗೆ ಬಂದಿತು, ಅರ್ಪಾಡ್ ಎಲೋ ಅವರ ಶ್ರೇಯಾಂಕವನ್ನು ಅಮೆರಿಕದ ಚದುರಂಗ ಒಕ್ಕೂಟ 1960ರಲ್ಲಿಯೂ ಫಿಡೆ 1970ರಲ್ಲಿಯೂ ಅಂಗೀಕರಿಸಿದವು. ಶತ್ರುವಿನ ಅಡಗುದಾಣವನ್ನು ಬಯಲುಮಾಡುವ ಕಳ್ಳ ತಂತ್ರಾಂಶಗಳಿಗೆ ಉತ್ತಮ ಮದ್ದು, ಆಟಗಾರನಿಗೆ ಕಾಣಬೇಕಾದಷ್ಟನ್ನೇ ಸರ್ವರ್ ಕಳುಹಿಸುವುದು. ಇದು ರೈಸ್‌ವಿಟ್ಸ್ ಅವರ ತೀರ್ಪುಗಾರ ಮಾಡುತ್ತಿದ್ದ ಕೆಲಸವೇ.

ಯಂತ್ರಕ್ಕೆ ನಿಲುಕದ ಮೋಸವೂ ಉಂಟು. 2010ರಲ್ಲಿ ದಕ್ಷಿಣ ಕೊರಿಯದ ಕೆಲವು ವೃತ್ತಿಪರ ಸ್ಟಾರ್‌ಕ್ರಾಫ್ಟ್ ಆಟಗಾರರು ಬಾಜಿಯ ಹಣಕ್ಕಾಗಿ ಬೇಕೆಂದೇ ಸೋತದ್ದು ಬಯಲಾಯಿತು. ಅಂಥಲ್ಲಿ ಆಟದ ದಾಖಲೆಯನ್ನು ಕಾಪಿಟ್ಟು, ಮನುಷ್ಯರೇ ಕುಳಿತು ವಿಚಾರಿಸಬೇಕಾಗುತ್ತದೆ.

ಹಲವು ಕಾಲವಲಯಗಳಲ್ಲಿ ಚದುರಿರುವ ನಮ್ಮಂತಹ ಕುಟುಂಬಗಳು ಮಕ್ಕಳಿಗಾಗಿ ಪಂದ್ಯ ಏರ್ಪಡಿಸುವಾಗಲೂ ಇದೇ ಮೂರು ಸೂತ್ರಗಳು ಸಾಕು: ನಿಯಮಗಳು ಆಟಕ್ಕೆ ಮೊದಲೇ ಪ್ರಕಟವಾಗಿರಲಿ, ತೀರ್ಪುಗಾರರು ಆಟಗಾರರ ಮನೆಯವರಾಗದಿರಲಿ, ಪ್ರತಿ ನಡೆಯ ದಾಖಲೆ ಉಳಿಯಲಿ. ಇದರ ದೊಡ್ಡ ಲಾಭ ಗೆದ್ದವನಿಗಲ್ಲ, ಸೋತವನಿಗೆ. ಆಟ ನ್ಯಾಯವಾಗಿತ್ತೆಂದು ನಂಬಿದ ಮಗುವೇ ತಾನು ಎಲ್ಲಿ ಎಡವಿದೆನೆಂದು ಹುಡುಕತೊಡಗುತ್ತದೆ.